ಹತ್ತು ಎಣಿಸುವ ತನಕ

ಅಕ್ಕೋರು ಮಕ್ಕಳಿಗೆ ಓದಿಸುವಾಗ ಪುಸ್ತಕ ನೋಡುತ್ತಿರಲಿಲ್ಲ. ಮಗುವನ್ನು ತಮ್ಮ ಎಡಗಡೆ ಕೂರಿಸಿಕೊಂಡು, ಕಿವಿಯನ್ನು ಅದರ ಬಾಯಿಯ ಹತ್ತಿರ ತಂದು, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಆ ಶಾಲೆಗೆ ಹೋದ ಮೊದಲ ದಿನ ಅದನ್ನು ನೋಡಿ ಅವರಿಗೆ ನಿದ್ದೆ ಬಂದಿದೆ ಎಂದುಕೊಂಡೆ. ಬೆಳಗಾವಿಯಿಂದ ಒಂದೂವರೆ ತಾಸು ಬಸ್ಸಿನಲ್ಲಿ ಬರುವ ಹೆಂಗಸು, ಬಂದಿರಲಿ ಬಿಡು ಎಂದು ಬಾಗಿಲಿನಿಂದಲೇ ಮೆಲ್ಲಗೆ ತಿರುಗಿದೆ. ಅವರು ಕಣ್ಣು ತೆರೆಯದೆಯೇ, "ಬಾ ತಂಗಿ, ಕುಂದರು. ಸಪ್ಪಳ ಮಾಡಬ್ಯಾಡ, ಈ ಕೂಸು ಒಂದ ದೊಡ್ಡ ಪದದಾಗ ಐತಿ" ಎಂದರು.

ಆಮೇಲೆ ಕೇಳಿದ್ದಕ್ಕೆ ಹೇಳಿದರು. "ಪುಸ್ತಕ ನೋಡಿದ್ರ ನಾ ಓದತೀನಿ. ಕೂಸು ಓದಬೇಕಾದ್ರ ನನ್ನ ಕಣ್ಣ ಬಂದ್ ಇರಬೇಕು."

ಊರಿನಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ. ಹೆಸರು ಬರೆಯುವುದಿಲ್ಲ. ಶಾಲೆಯ ಗೋಡೆಯ ಮೇಲೆ ಶಿಕ್ಷಕರ ಹೆಸರು ಬರೆಸಿದಾಗ ತಮ್ಮದನ್ನು ಎಲ್ಲಕ್ಕಿಂತ ಕೆಳಗೆ, ಮಕ್ಕಳು ಚೀಲ ಇಡುವ ಕಡೆ ಬರೆಸಿಕೊಂಡವರು ಅವರು.

ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಅವರು ತೀರಿಕೊಂಡರು. ಫೋನು ಬಂದಾಗ ನಾನು ನಮ್ಮ ಶಾಲೆಯಲ್ಲಿ ಒಂದು ಪಟ್ಟಿ ಬರೆಯುತ್ತಿದ್ದೆ. ಓದುವ ಪರೀಕ್ಷೆಗೆ ಯಾವ ಮಕ್ಕಳು ತಯಾರಾಗಿದ್ದಾರೆ, ಯಾರು ಆಗಿಲ್ಲ ಎಂಬ ಪಟ್ಟಿ. ಹಿಂದುಳಿದ ಒಂಬತ್ತು ಮಕ್ಕಳ ಹೆಸರು ಬರೆದಾಗಿತ್ತು. ಆರು ಹೆಸರುಗಳ ಮುಂದೆ 'ಆಗಿದೆ' ಎಂದು ಬರೆದಿದ್ದೆ. ಉಳಿದ ಮೂರರ ಮುಂದೆ ಏನು ಬರೆಯಲಿ ಎಂದು ಯೋಚಿಸುತ್ತಿದ್ದೆ. ಪೆನ್ನಿನ ಮುಚ್ಚಳವನ್ನೂ ಹಾಕದೆ ಎದ್ದು ಹೋದೆ.

ಎಂಟು ವರ್ಷದ ಹಿಂದೆ ನಾನು ಖಾನಾಪುರ ತಾಲ್ಲೂಕಿನ, ಕಣಕುಂಬಿ ರಸ್ತೆಯ ಒಂದು ಸಣ್ಣ ಊರಿನಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಅತಿಥಿ ಎಂದರೆ ಒಂದು ವರ್ಷದ ಮಟ್ಟಿಗೆ. ಮುಂದಿನ ಜೂನಿನಲ್ಲಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಕ್ಕೋರು ಅಲ್ಲಿ ಆಗಲೇ ಹದಿನಾಲ್ಕು ವರ್ಷ ಕಳೆದಿದ್ದರು. ಬೆಳಗಾವಿಯ ಕ್ಯಾಂಪ್ ಬಡಾವಣೆಯ ಎರಡು ಕೋಣೆಯ ಮನೆಯಲ್ಲಿ, ತೀರಿಕೊಂಡ ಅಣ್ಣನ ಹೆಂಡತಿಯ ಜೊತೆ ಇದ್ದರು. ಆ ಅತ್ತಿಗೆಯನ್ನು ಎಲ್ಲರೂ ವೈನಿ ಎನ್ನುತ್ತಿದ್ದರು. ಅವರಿಬ್ಬರಿಗೂ ಬೇರೆ ಯಾರೂ ಇರಲಿಲ್ಲ.

ನಾನೂ ಬೆಳಗಾವಿಯವಳೇ. ಬೆಳಗಿನ ಬಸ್ಸಿನಲ್ಲಿ ಅಕ್ಕೋರು ನನಗಾಗಿ ಕೊಡೆ ಇಟ್ಟು ಸೀಟು ಹಿಡಿದಿರುತ್ತಿದ್ದರು. ಬಸ್ಸು ಊರು ದಾಟಿದ ಕೂಡಲೇ ಚೀಲದಿಂದ ಹಳೆಯ ಲಗ್ನಪತ್ರಿಕೆಗಳ ಕಟ್ಟು ತೆಗೆಯುತ್ತಿದ್ದರು. ಪತ್ರಿಕೆಯ ಖಾಲಿ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ನಾಲ್ಕೈದು ಸಾಲು ಬರೆಯುವುದು ಅವರ ದಿನದ ಮೊದಲ ಕೆಲಸ. ರಸ್ತೆ ಚೆನ್ನಾಗಿರುವ ಕಡೆ ಬರೆಯುವುದು, ತಗ್ಗು ಬಂದ ಕಡೆ ಪೆನ್ನು ಎತ್ತಿ ಹಿಡಿಯುವುದು. ಯಾವ ತಿರುವಿನಲ್ಲಿ ಪೆನ್ನು ಎತ್ತಬೇಕೆಂದು ಅವರ ಕೈಗೆ ಗೊತ್ತಿತ್ತು. ಬರೆಯುತ್ತಿದ್ದದ್ದು ಆ ಊರಿನ ಸಂಗತಿಗಳನ್ನೇ. ನಿನ್ನೆ ಯಾರ ಎಮ್ಮೆ ಶಾಲೆಯ ಅಂಗಳಕ್ಕೆ ನುಗ್ಗಿತು, ಯಾರ ಅಜ್ಜಿ ಹಲಸಿನ ಹಣ್ಣು ಕೊಯ್ದಳು, ಅಷ್ಟೇ.

"ಅಕ್ಕೋರ, ಇವತ್ತ ಯಾರ ಲಗ್ನರೀ?" ಎಂದು ಕಂಡಕ್ಟರು ದಿನವೂ ಕೇಳುತ್ತಿದ್ದ.

"ನಿಂದೇ ನೋಡು. ಕನ್ಯಾ ಇನ್ನೂ ಒಪ್ಪಿಲ್ಲ."

ಬಂಧುಗಳಿಗೆಲ್ಲ ಹೇಳಿಟ್ಟಿದ್ದರು, ಲಗ್ನಕ್ಕೆ ಕರೆಯದಿದ್ದರೂ ನಡೆದೀತು, ಉಳಿದ ಕಾರ್ಡು ಒಗೆಯಬೇಡಿ ಎಂದು. ಪಾಠದ ಪುಸ್ತಕವಿದ್ದೂ ಈ ಕಾರ್ಡು ಯಾಕೆ ಎಂದು ಕೇಳಿದೆ. "ಪುಸ್ತಕ ಇವ್ರ ಕಿವಿಗೆ ಬಂದು ಬಿಟ್ಟೈತಿ ತಂಗಿ. ಕಾರ್ಡ ಇನ್ನೂ ಯಾರೂ ಕೇಳಿಲ್ಲ."

ಆ ಊರಿನ ಹೆಚ್ಚಿನ ಮನೆಗಳಲ್ಲಿ ಮಾತು ಮರಾಠಿ. ಶಾಲೆಯಲ್ಲಿ ಕನ್ನಡ. ಮಕ್ಕಳು ಜಾಣರು, ಮುಂದಿನ ಬೆಂಚಿನವರು ಓದುವುದನ್ನು ಕೇಳಿಯೇ ಪಾಠ ಪೂರ್ತಿ ಬಾಯಿಪಾಠ ಮಾಡಿಬಿಡುತ್ತಿದ್ದರು. ಪುಸ್ತಕ ಹಿಡಿದು ನಿಂತರೆ ಓದುತ್ತಿದ್ದಾರೆ ಎಂದೇ ಅನ್ನಿಸಬೇಕು. ಅಕ್ಕೋರು ಅಂಥವರನ್ನು ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದಿಸುತ್ತಿದ್ದರು. ಕಂಠಪಾಠ ಹಿಂದಕ್ಕೆ ನಡೆಯುವುದಿಲ್ಲ. ಓದು ಬಂದವರು ಯಾವ ಕಡೆಯಿಂದ ಬೇಕಾದರೂ ಓದುತ್ತಾರೆ.

ಮಗು ಒಂದು ಪದದಲ್ಲಿ ನಿಂತರೆ ಅವರು ಹೇಳಿಕೊಡುತ್ತಿರಲಿಲ್ಲ. ಸೆರಗಿನೊಳಗೆ ಕೈಯಿಟ್ಟು ಬೆರಳಿನಲ್ಲಿ ಹತ್ತು ಎಣಿಸುತ್ತಿದ್ದರು, ಅವಸರವಿಲ್ಲದೆ. ಹತ್ತಾದರೂ ಬರದಿದ್ದರೆ ಇನ್ನೊಮ್ಮೆ ಹತ್ತು, ಮತ್ತೊಮ್ಮೆ ಹತ್ತು. ಆಗಲೂ ಬರದಿದ್ದರೆ ಆ ಪದದ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, "ಭಾಳ ಚಲೋ ಆತು, ನಾಳೆ ಇಲ್ಲಿಂದ ಹೊಂಡೂಣು" ಎಂದು ಎಬ್ಬಿಸುತ್ತಿದ್ದರು. ಪೂರ್ತಿ ಓದಿದ ದಿನ ಕೊನೆಯ ಪದದ ಮುಂದೆ ಒಂದು ಚುಕ್ಕೆ ಹಾಕಿ ಕಾರ್ಡನ್ನು ಮಗುವಿಗೇ ಕೊಟ್ಟುಬಿಡುತ್ತಿದ್ದರು. ಆ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಗುರುತಿಲ್ಲದವರ ಲಗ್ನಪತ್ರಿಕೆಗಳು ಹಿಂಬದಿ ಮುಂದಾಗಿ ಅಂಟಿದ್ದವು.

ಒಮ್ಮೆ ನಾನು ತಡೆಯಲಾರದೆ ಒಂದು ಮಗುವಿಗೆ ಪದ ಹೇಳಿಬಿಟ್ಟೆ. ಅಕ್ಕೋರು ಕಣ್ಣು ತೆರೆದು ನನ್ನನ್ನು ನೋಡಿದರು. "ಅದು ಬಾಗಲಾ ತನಕ ಬಂದಿತ್ತು. ನೀ ಬಾಗಲಾ ತಗದಿ. ಈಗದು ನಿನ್ನ ಮನಿ ಆತು."

ಒತ್ತಕ್ಷರಕ್ಕೆ ಮಕ್ಕಳು ಹೆದರುತ್ತಿದ್ದರು. "ಅಂಜಬ್ಯಾಡ್ರಿ. ಬಸ್ಸಿನ್ಯಾಗ ಸೀಟ ಸಿಗದಾಂವ ಕೆಳಗ ಕುಂತಾನ ಅಷ್ಟ. ಅವನ್ನೂ ಕರಕೊಂಡ ಹೋಗಬೇಕು" ಎನ್ನುತ್ತಿದ್ದರು.

ನಾಲ್ಕನೆಯ ತರಗತಿ ನನ್ನದಾಗಿತ್ತು. ಅಲ್ಲಿ ಮನೀಷಾ ಎಂಬ ಹುಡುಗಿ ಇದ್ದಳು. ಮಾತು ಕಡಿಮೆ. ಎರಡು ಜಡೆ, ಯಾವಾಗಲೂ ಒಂದು ಬಿಚ್ಚಿರುತ್ತಿತ್ತು. ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದಳು, ಕೂಡಿಸಿದರೆ ಕೈ ಬಿಡುತ್ತಿದ್ದಳು. ಫೆಬ್ರವರಿಯಲ್ಲಿ ಓದುವ ಪರೀಕ್ಷೆ ಇತ್ತು, ಮೊದಲು ಒಂದು ಪರಿಚ್ಛೇದ, ಆಮೇಲೆ ಒಂದು ಕಥೆ ಓದಬೇಕಿತ್ತು. ಹೆಡ್ ಮಾಸ್ತರರು ನನ್ನನ್ನು ಕರೆದು, "ನಿಮ್ಮ ಕ್ಲಾಸಿನ್ಯಾಗ ಒಬ್ರೂ ಕೆಳಗ ಬೀಳಬಾರ್ದು ನೋಡ್ರಿ. ಜೂನಿನ್ಯಾಗ ನಿಮ್ಮ ಹೆಸರ ಹೇಳಬೇಕಾದ್ರ ನನ್ನ ಕೈಯಾಗೂ ಏನರ ಇರಬೇಕಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ, ಇದ್ದದ್ದನ್ನು ಹೇಳಿದ್ದರು. ಆ ಕೆಲಸ ಹೋದರೆ ನನಗೆ ಬೇರೆ ಇರಲಿಲ್ಲ.

ಪರೀಕ್ಷೆಗೆ ಮುಂಚೆ ತಯಾರಿ ನೋಡಲು ತಾಲ್ಲೂಕಿನಿಂದ ಒಬ್ಬ ಸಾಹೇಬರು ಬರುವವರಿದ್ದರು. ಪುಸ್ತಕದಲ್ಲಿ ಅಳಿಲಿನ ಒಂದು ಪಾಠವಿತ್ತು, ಒಂದೇ ಪುಟದ್ದು. ನಾನು ಮನೀಷಾಳಿಗೆ ಅದನ್ನು ಎಂಟು ದಿನ ಬಾಯಿಪಾಠ ಮಾಡಿಸಿದೆ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಬೆರಳು ಸರಿಸಬೇಕು ಎಂಬುದನ್ನೂ ಕಲಿಸಿದೆ. ಅಕ್ಕೋರು ಅಂಗಳದಲ್ಲಿದ್ದಾಗ ಕಿಟಕಿ ಮುಚ್ಚಿ ಹೇಳಿಕೊಡುತ್ತಿದ್ದೆ. ಅದನ್ನು ಬರೆಯಲು ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಸಾಹೇಬರು ಬಂದ ದಿನ ಮನೀಷಾ ಗಟ್ಟಿ ದನಿಯಲ್ಲಿ ಅಳಿಲಿನ ಪಾಠ ಹೇಳಿದಳು. ಎಲ್ಲೂ ತಡೆಯಲಿಲ್ಲ. "ಶಾಬಾಸ್. ಮರಾಠಿ ಮನಿ ಹುಡುಗಿ ಅಂತ ಯಾರೂ ಅನ್ನೂದಿಲ್ಲ" ಎಂದು ಸಾಹೇಬರು ಕಾಗದದ ಮೇಲೆ ಬರೆಯಲು ಬಗ್ಗಿದರು. ನಾನು ಅವಳ ಬೆರಳನ್ನು ನೋಡಿದೆ. ಬೆರಳು ಎರಡನೆಯ ಸಾಲಿನಲ್ಲಿತ್ತು, ಬಾಯಿ ಪಾಠ ಮುಗಿಸಿತ್ತು.

ಬಾಗಿಲ ಬಳಿ ನಿಂತಿದ್ದ ಅಕ್ಕೋರು ಹೇಳಿದರು, "ಸಾಹೇಬ್ರ, ಕಡೀ ಪದದಿಂದ ಒಮ್ಮೆ ಓದಸ್ರಿ."

ಮನೀಷಾ ಪುಸ್ತಕ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವಳ ಕಣ್ಣಿನಿಂದ ಅಳಿಲಿನ ಚಿತ್ರದ ಮೇಲೆ ಒಂದು ಹನಿ ಬಿತ್ತು. ಸಾಹೇಬರು ಬರೆದದ್ದನ್ನು ಹೊಡೆದುಹಾಕಿ ಬೇರೆ ಏನೋ ಬರೆದು, ಚಹಾ ಕುಡಿಯದೆ ಹೋದರು.

ಮರುದಿನದಿಂದ ನಾನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತೆ. ಅಕ್ಕೋರ ಬದಿಯ ಸೀಟಿನ ಮೇಲೆ ಕೊಡೆ ಹಾಗೆಯೇ ಇರುತ್ತಿತ್ತು. ಕಂಡಕ್ಟರು ಎತ್ತಲು ಹೋದರೆ ಬಿಡುತ್ತಿರಲಿಲ್ಲ. ಆರನೆಯ ದಿನ ಅವರೇ ಎದ್ದು ನನ್ನ ಬಳಿ ಬಂದು ಕುಳಿತರು.

"ನಿನ್ನ ಸುಳ್ಳ ಹಿಡಿಯಾಕ ಹೋಗಿ ಆ ಹುಡುಗೀನ್ನ ಎಲ್ಲಾರ ಮುಂದ ನಿಲ್ಲಿಸಿದೆ" ಎಂದರು. "ನಿನಗ ಬಾಜೂಕ ಕರದು ಹೇಳಬಹುದಿತ್ತು. ಅದು ನನ್ನ ತಪ್ಪ. ಆಕಿಗೆ ಹೇಳೇನಿ, ನಿನಗೂ ಹೇಳಾಕತ್ತೇನಿ."

ನಾನು ಕಿಟಕಿಯ ಕಡೆ ತಿರುಗಿದೆ.

"ಖರೇ ತಂಗಿ, ಒಂದ ವಿಚಾರ ಮಾಡು. ಓದಾಕ ಬರತೈತಿ ಅಂತ ನೀನೂ ನಾನೂ ಬರದು ಕೊಟ್ಟಬಿಟ್ರ, ಮುಂದ ಆಕಿಗೆ ಓದಸವ್ರು ಯಾರು? ಎಲ್ಲಾರೂ ಆ ಕಾಗದಾ ನಂಬತಾರ. ಆಕಿ ಒಬ್ಬಾಕಿಗೆ ಖರೇ ಗೊತ್ತಿರತೈತಿ. ಒಂಬತ್ತ ವರ್ಷದ ಕೂಸು ಅದನ್ನ ಒಬ್ಬಾಕೇ ಹೊತಗೊಂಡ ತಿರಗಬೇಕು."

ಆಗ ನಾನು ಅತ್ತೆ. ಅವರು ಚೀಲದಿಂದ ಒಂದು ಖಾಲಿ ಕಾರ್ಡು ತೆಗೆದು, "ಇವತ್ತ ನೀ ಬರಿ. ಒತ್ತಕ್ಷರ ಎರಡಽ ಇರಲಿ" ಎಂದರು.

ಅಂದಿನಿಂದ ಊಟದ ಬಿಡುವಿನಲ್ಲಿ ಅವರು ಮನೀಷಾಳನ್ನು ಕೂರಿಸಿಕೊಂಡರು. ಮೊದಲ ಕೆಲವು ದಿನ ಹುಡುಗಿ ಬಾಯಿಯನ್ನೇ ತೆರೆಯಲಿಲ್ಲ. ಅಕ್ಕೋರು ಕಣ್ಣು ಮುಚ್ಚಿ ಕಾದರು. ಅವರ ಊಟದ ಡಬ್ಬಿ ಹಾಗೆಯೇ ಮನೆಗೆ ಹೋಗುತ್ತಿತ್ತು. ಪರೀಕ್ಷೆಯ ದಿನ ಮನೀಷಾ ಬೆರಳಿಟ್ಟು, ಒಂದೊಂದೇ ಪದ ಕಟ್ಟಿ, ಒಂದು ಪರಿಚ್ಛೇದ ಓದಿದಳು. ಕಥೆಗೆ ಬರುವಷ್ಟರಲ್ಲಿ ಹೊತ್ತು ಮುಗಿಯಿತು. ಅವಳ ಹೆಸರಿನ ಮುಂದೆ ಕೆಳಗಿನ ಮಟ್ಟವನ್ನೇ ಬರೆದರು. ಹೊರಗೆ ಬಂದವಳಿಗೆ ಅಕ್ಕೋರು ಕೇಳಿದ್ದು ಒಂದೇ ಮಾತು, "ಎಲ್ಲಿ ನಿಂತಿ?"

"ಕಥಿ ಹೆಸರ ಓದೇನ್ರಿ. ಅದರ ಮುಂದ ಆಗ್ಲಿಲ್ರಿ."

ಮರುದಿನ ಅಕ್ಕೋರು ಬೆಳಗಾವಿಯಿಂದ ಕುಂದಾ ತಂದು ಇಡೀ ಶಾಲೆಗೆ ಹಂಚಿಸಿದರು, ಮನೀಷಾಳ ಕೈಯಿಂದಲೇ. ಹೆಡ್ ಮಾಸ್ತರರು ಅಂಗೈಯಲ್ಲಿ ಕುಂದಾ ಹಿಡಿದು, "ಅಕ್ಕೋರ, ಮ್ಯಾಲೆ ಬಂದವ್ರಿಗೆ ಸಿಹಿ ಹಂಚೂದು ನೋಡೇನಿ. ಇದ್ಯಾವ ಪದ್ಧತಿರೀ?" ಎಂದರು.

"ಮ್ಯಾಲೆ ಬಂದವ್ರಿಗೆ ಮನ್ಯಾಗ ಕೊಡತಾರಲ್ರಿ ಸರ."

ಜೂನಿನಲ್ಲಿ ನನ್ನನ್ನು ಮತ್ತೆ ತೆಗೆದುಕೊಂಡರು. ಆ ಪರೀಕ್ಷೆಗೂ ನನ್ನ ಕೆಲಸಕ್ಕೂ ಸಂಬಂಧವೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು.

ಎರಡು ವರ್ಷದ ನಂತರ ನನಗೆ ಬೆಳಗಾವಿಯಲ್ಲೇ ಕಾಯಂ ಕೆಲಸ ಸಿಕ್ಕಿತು. ಅಕ್ಕೋರು ಅದೇ ಶಾಲೆಯಿಂದ ನಿವೃತ್ತರಾದರು. ಆಗಾಗ ಕ್ಯಾಂಪಿನ ಮನೆಗೆ ಹೋಗಿ ಬರುತ್ತಿದ್ದೆ. ಹೋದ ವರ್ಷ ದೀಪಾವಳಿಯ ಹಿಂದೆಮುಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ನಿಂತಿತು. ಮಾತು ಒಂದು ತಿಂಗಳಲ್ಲಿ ನಿಧಾನವಾಗಿ ಹಿಂದಿರುಗಿತು. ಓದು ಹಿಂದಿರುಗಲಿಲ್ಲ.

"ಅಕ್ಷರ ಕಾಣತಾವ ತಂಗಿ. ನನ್ನ ಕೂಡ ಮಾತಾಡೂದಿಲ್ಲ" ಎಂದರು, ಒಂದೊಂದು ಮಾತಿಗೂ ತಡೆದು. ಹೇಳುವಾಗ ನಕ್ಕರು. ವೈನಿ ಒಳಗೆ ಹೋದರು.

ಮುಂದಿನ ರವಿವಾರ ನಾನು ನಾಲ್ಕನೆಯ ತರಗತಿಯ ಪುಸ್ತಕ ತೆಗೆದುಕೊಂಡು ಹೋದೆ. ಅಳಿಲಿನ ಪಾಠ ಅದರಲ್ಲಿ ಇನ್ನೂ ಇತ್ತು. ಅಕ್ಕೋರು ಪುಟದ ಮೇಲೆ ಎಡಗೈ ಬೆರಳಿಟ್ಟು ಓದತೊಡಗಿದರು. ತೊದಲುತ್ತಾ, ಆದರೆ ಒಂದು ಪದವನ್ನೂ ಬಿಡದೆ ಕೊನೆಯವರೆಗೂ ಹೋದರು. ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಗೊತ್ತಿತ್ತು. ಅಷ್ಟು ವರ್ಷ ಅಷ್ಟು ಮಕ್ಕಳ ಬಾಯಿಯಿಂದ ಕೇಳಿದ ಪಾಠ ಅದು. ಬೆರಳು ಎರಡನೆಯ ಸಾಲು ದಾಟಿರಲಿಲ್ಲ.

ಆದರೂ ನಾನು ಹೇಳಿದೆ, "ಎಷ್ಟ ಚಲೋ ಓದಿದ್ರಿ ಅಕ್ಕೋರ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ. ಆಮೇಲೆ, "ಕಡೀ ಪದದಿಂದ... ಓದಸು" ಎಂದರು.

ಓದಿಸಿದೆ. ಎರಡು ಪದ ಬಂದವು. ಮೂರನೆಯದು ಬರಲಿಲ್ಲ. ನಾನು ಅದರ ಕೆಳಗೆ ಚುಕ್ಕೆ ಇಟ್ಟೆ. ಅಕ್ಕೋರು ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ, "ಹಾಂ" ಎಂದರು. ಕಾಯಿಲೆ ಬಿದ್ದ ಮೇಲೆ ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ನೋಡಿರಲಿಲ್ಲ.

ಆಮೇಲೆ ಪುಸ್ತಕ ಒಯ್ಯಲಿಲ್ಲ. ಹಳೆಯ ಲಗ್ನಪತ್ರಿಕೆ ಹುಡುಕಿ ನಾನೇ ಬರೆದೆ. ಪ್ರತಿ ರವಿವಾರ ಒಂದು ಕಾರ್ಡು. ಅವರ ಬಲಗಡೆ ಕುಳಿತು, ಕಣ್ಣು ಮುಚ್ಚಿ, ಸೆರಗಿನೊಳಗೆ ಹತ್ತು ಎಣಿಸುತ್ತಿದ್ದೆ. ಎಣಿಸುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಪಕ್ಕದಲ್ಲಿ ನಮ್ಮ ಪ್ರೀತಿಯವರ ಉಸಿರು ಒಂದು ಪದದ ಮುಂದೆ ನಿಂತು ತಡಕಾಡುತ್ತಿರುತ್ತದೆ. ಆ ಪದ ನಮ್ಮ ನಾಲಿಗೆಯ ಮೇಲಿರುತ್ತದೆ. ಸುಮ್ಮನಿರಬೇಕು. ಇದನ್ನು ಅವರು ದಿನಕ್ಕೆ ಹತ್ತು ಮಕ್ಕಳ ಜೊತೆ ಮಾಡಿದ್ದರು.

ಅವರು ಕಲಿಯುತ್ತಿದ್ದರು. ಎರಡು ಪದ ಐದಾಯಿತು, ಒಂದು ಸಾಲಾಯಿತು. ಹೊಸ ವರ್ಷ ಕಳೆದ ಮೇಲೆ ಒಂದು ರವಿವಾರ ಒಂದು ಕಾರ್ಡು ಪೂರ್ತಿ ಓದಿದರು. ಅದರ ಕೊನೆಯ ಪದದ ಮುಂದೆ ಚುಕ್ಕೆ ಹಾಕಿ ಕೊಟ್ಟೆ. ವೈನಿ ಅದನ್ನು ಕನ್ನಡಿಯ ಬಾಜು ಅಂಟಿಸಿದರು. "ಈ ವಯಸ್ಸಿನ್ಯಾಗ ಬಾಲವಾಡಿ ನೋಡವಾ" ಎಂದು ಅಕ್ಕೋರೇ ಚೇಷ್ಟೆ ಮಾಡಿಕೊಂಡರು.

ಹೋದ ತಿಂಗಳು ಒಂದು ಶನಿವಾರ ಖಾನಾಪುರಕ್ಕೆ ಹೋಗಿದ್ದಾಗ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ನನ್ನೆದುರು ಬಂದು ನಿಂತಳು. "ಗುರ್ತ ಸಿಗಲಿಲ್ಲೇನ್ರಿ ಟೀಚರ್?" ಎಂದಳು. ಈಗ ಜಡೆ ಬಿಚ್ಚಿರಲಿಲ್ಲ, ಆದರೂ ಮನೀಷಾಳನ್ನು ಗುರುತಿಸಿದೆ. ಖಾನಾಪುರದಲ್ಲಿ ಪಿಯುಸಿ ಓದುತ್ತಿದ್ದಳು. ಅಕ್ಕೋರ ಆರೋಗ್ಯದ ಸುದ್ದಿ ಹೇಳಿದೆ. ಅವಳು, ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ ಎಂದಳು. ಹೊರಡುವಾಗ ತಡೆದು, ತಾನೊಂದು ಮಾತು ಅಕ್ಕೋರಿಗೆ ಹೇಳಬೇಕಿತ್ತು ಎಂದಳು. ಅದನ್ನೇ ನಾನು ಮರುದಿನದ ಕಾರ್ಡಿನಲ್ಲಿ ಬರೆದೆ.

'ಮನೀಷಾ ಈಗ ಕಾಲೇಜಿಗೆ ಹೋಗುತ್ತಾಳೆ. ರವಿವಾರ ಓಣಿಯ ಮೂರು ಮಕ್ಕಳು ಅವಳ ಮನೆಗೆ ಬರುತ್ತಾರೆ. ಅವಳು ಅವರಿಗೆ ಓದಲು ಕಲಿಸುತ್ತಾಳೆ. ಓದಿಸುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ.'

ಸುದ್ದಿಯನ್ನು ಬಾಯಿಂದ ಹೇಳಬಹುದಿತ್ತು. ಅವರೇ ಓದಿ ತಿಳಿಯಲಿ ಎಂಬುದು ನನ್ನ ಆಸೆ.

ಆ ಕಾರ್ಡಿಗೆ ಒಂದು ತಾಸು ಹಿಡಿಯಿತು. ಮೂರನೆಯ ಸಾಲು ಮುಗಿದಾಗ ಅವರು ತಲೆ ಎತ್ತಿ, "ಆಕೀ?" ಎಂದರು. ನಾನು ಕಣ್ಣು ಮುಚ್ಚಿಯೇ ತಲೆಯಾಡಿಸಿದೆ. ಮುಂದೆ ಓದಿದರು. ಓದಿಸುವಾಗ. ಅವಳು. ಅಲ್ಲಿಗೆ ನಿಂತರು. 'ಕ' ಎಂದರು. ಹತ್ತು ಎಣಿಸಿದೆ. ಮತ್ತೊಮ್ಮೆ ಹತ್ತು. ಇನ್ನೊಮ್ಮೆ.

"ಹೇಳ್ಲೇನ್ರಿ ಅಕ್ಕೋರ?" ಎಂದೆ. ಆ ಮನೆಯಲ್ಲಿ ಮೊದಲ ಸಲ ಹಾಗೆ ಕೇಳಿದ್ದು.

ಅವರಿಗೆ ದಣಿವಾಗಿತ್ತು. "ಬ್ಯಾಡ" ಎಂದರು. "ಮುಂದಿನ ರವಿವಾರ."

ನಾನು 'ಕಣ್ಣು' ಎಂಬುದರ ಕೆಳಗೆ ಚುಕ್ಕೆ ಇಟ್ಟು ಕಾರ್ಡನ್ನು ಅವರ ಕೈಗೆ ಕೊಟ್ಟು ಬಂದೆ. ನಾಲ್ಕನೆಯ ದಿನವೇ ಆ ಗುರುವಾರ.

ಹೇಳಿಬಿಡಬೇಕಿತ್ತೇ ಎಂದು ಈ ಒಂದು ತಿಂಗಳು ದಿನವೂ ಕೇಳಿಕೊಂಡಿದ್ದೇನೆ. ಎರಡು ಪದ. ಅವರ ಕಿವಿಯ ಹತ್ತಿರವೇ ನನ್ನ ಬಾಯಿ ಇತ್ತು.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ವೈನಿ ದಿಂಬಿನ ಕೆಳಗಿನಿಂದ ಕಾರ್ಡು ತೆಗೆದು ಕೊಟ್ಟರು. "ಬುಧವಾರ ಇಡೀ ದಿನ ಕೈಯಾಗ ಹಿಡದಿದ್ಲು. ನಾ ಓದಿ ಹೇಳ್ಲೇನು ಅಂದ್ರ ಸಿಟ್ಟ ಮಾಡಿದ್ಲು. ಪೆನ್ಸಿಲ್ ಕೊಡು ಅಂದ್ಲು."

ಕಾರ್ಡಿನ ಮೇಲೆ ಎರಡು ಚುಕ್ಕೆಗಳಿದ್ದವು. ಒಂದು ನಾನು ಇಟ್ಟದ್ದು. ಇನ್ನೊಂದು ಅದರ ಮುಂದಿನ ಪದದ ಕೆಳಗೆ, ಎಡಗೈಯಿಂದ ಒತ್ತಿ ಇಟ್ಟದ್ದು. ಒತ್ತಿದ ರಭಸಕ್ಕೆ ಕಾರ್ಡು ತೂತಾಗಿತ್ತು. ಅಂದರೆ 'ಕಣ್ಣು' ಎಂಬುದನ್ನು ಅವರು ಓದಿದ್ದಾರೆ. ಯಾರೂ ಹೇಳಿಕೊಡದೆ ಓದಿದ್ದಾರೆ. ಓದಿ, ಕೊನೆಯ ಪದದಲ್ಲಿ ನಿಂತಿದ್ದಾರೆ.

"ಅಷ್ಟ ಓದಿದಾಕಿಗೆ ಉಳದದ್ದು ತಿಳಿದಿರತೈತಿ ಬಿಡು" ಎಂದು ವೈನಿ ಹೇಳುತ್ತಾರೆ. ತಿಳಿದಿರಲಿ ಎಂದೇ ನನ್ನ ಆಸೆಯೂ. ಆದರೆ ಊಹಿಸಿದ್ದನ್ನು ಅಕ್ಕೋರು ಓದು ಎಂದು ಒಪ್ಪುತ್ತಿರಲಿಲ್ಲ, ಯಾವ ಮಗುವಿನಿಂದಲೂ.

ಶಾಲೆಗೆ ಹೋದ ದಿನ ಪಟ್ಟಿ ಮೇಜಿನ ಮೇಲೆ ಹಾಗೆಯೇ ಇತ್ತು, ಪೆನ್ನು ಒಣಗಿತ್ತು. ಬೇರೆ ಪೆನ್ನು ತೆಗೆದುಕೊಂಡು ಆ ಮೂರು ಹೆಸರುಗಳ ಮುಂದೆ 'ಆಗಿಲ್ಲ' ಎಂದು ಬರೆದೆ. ಮೊದಲು 'ಆಗಿದೆ' ಎಂದು ಬರೆದಿದ್ದ ಆರು ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆದು ಕೊನೆಯ ಪದದಿಂದ ಓದಿಸಿದೆ. ಅವರಲ್ಲಿ ಇಬ್ಬರ ಹೆಸರಿನ ಮುಂದೆ ತಿದ್ದಿದೆ.

ಕಾರ್ಡು ನನ್ನ ಚೀಲದಲ್ಲಿದೆ. ಪೂರ್ತಿ ಓದಿದವರಿಗೆ ಹಾಕುವ ಕೊನೆಯ ಚುಕ್ಕೆಯನ್ನು ನಾನು ಹಾಕಿಲ್ಲ.